ಗುರುಪಾದಯ್ಯನ ದರ್ಬಾರು ಪರದೆ

ತಿಕೋಟದ ಹಿರೇಮಠದ ಮನೆತನದಲ್ಲಿ ಹುಟ್ಟಿದ ಗುರುಪಾದಯ್ಯನಿಗೆ ಹಿರಿಯರು ಗೊತ್ತುಮಾಡಿಟ್ಟಿದ್ದ ಬದುಕು ಸರಳವಾದದ್ದು. ಭಕ್ತರ ಮನೆಗೆ ಹೋಗಬೇಕು, ಲಗ್ನ ಮಾಡಿಸಬೇಕು, ಪಾದಪೂಜೆ ಮಾಡಿಸಿಕೊಳ್ಳಬೇಕು, ಹೋಳಿಗೆ ಉಂಡು ಬರಬೇಕು. ಹೋಳಿಗೆಯ ವಿಷಯದಲ್ಲಿ ಅವನು ಮನೆತನದ ಹೆಸರನ್ನು ಎಂದೂ ಕೆಡಿಸಲಿಲ್ಲ. ಉಳಿದದ್ದರಲ್ಲಿ ಮಾತ್ರ ಮನಸ್ಸು ನಿಲ್ಲುತ್ತಿರಲಿಲ್ಲ. ಸರಿಯಾಗಿ ಅಕ್ಷತೆ ಹಾಕುವ ಹೊತ್ತಿಗೆ ಅವನ ಕಣ್ಣು ಬೀಗರ ಮನೆಯ ಸುಣ್ಣ ಬಳಿದ ಗೋಡೆಗೆ ಹೋಗಿ ಅಂಟಿಕೊಳ್ಳುತ್ತಿತ್ತು. ಇಷ್ಟು ದೊಡ್ಡ ಗೋಡೆ ಸುಮ್ಮನೆ ನಿಂತಿದೆಯಲ್ಲ ಎಂದುಕೊಂಡು ಮಂತ್ರವನ್ನೇ ಮರೆಯುತ್ತಿದ್ದ.

ಬಬಲೇಶ್ವರದ ಒಂದು ಲಗ್ನದಲ್ಲಿ ಅವನು ತಡೆಯಲಾರದೆ, ತಲೆಬಾಗಿಲಿನ ಎರಡೂ ಕಡೆಗೆ ಕೆಮ್ಮಣ್ಣು, ಕಾಡಿಗೆಗಳಿಂದ ಎರಡು ಆನೆ ಬರೆದುಬಿಟ್ಟ. ಬಂದ ಬೀಗರು ಮದುಮಗಳನ್ನು ಬಿಟ್ಟು ಆನೆ ನೋಡುತ್ತ ನಿಂತರು. ಅಲ್ಲಿಂದ ಮುಂದೆ ಆ ಸೀಮೆಯಲ್ಲಿ ಅಯ್ಯನವರ ಆನೆ ಇಲ್ಲದ ಲಗ್ನಕ್ಕೆ ಕಳೆಯೇ ಇಲ್ಲ ಎನ್ನುವಂತಾಯಿತು. ಇದ್ದದ್ದು ಒಂದೇ ತೊಡಕು. ಆನೆಯ ಮೇಲೆ ಕೈ ಕುದುರಿದ್ದರಿಂದ ಅವನು ಯಾರನ್ನು ಬರೆದರೂ ಕಣ್ಣುಗಳು ಸಣ್ಣಗೆ, ಸಾಧುವಾಗಿ, ಆನೆಯ ಕಣ್ಣಿನಂತೆಯೇ ಬರುತ್ತಿದ್ದವು. ಅವನು ಬರೆದ ರಾವಣ ಕೂಡ ಬಾಳೆಹಣ್ಣಿಗೆ ಕಾದು ನಿಂತವನ ಹಾಗೆ ಕಾಣುತ್ತಿದ್ದ.

"ಸೊಂಡಿ ಒಂದು ಹಚ್ಚೂದು ಬಾಕಿ ಉಳದೈತಿ ನೋಡ್ರಿ," ಎನ್ನುತ್ತಿದ್ದಳು ಹೆಂಡತಿ ಮುರಿಗೆವ್ವ.

"ನಿನಗೇನ ತಿಳೀತೈತಿ, ಸುಮ್ಮನ ಕುಂದ್ರ," ಎಂದು ಅವನು ಗಂಭೀರನಾಗಿ ಇನ್ನೊಂದು ಮುಖ ಬರೆಯುತ್ತಿದ್ದ. ಅದಕ್ಕೂ ಅವೇ ಕಣ್ಣು.

ಬರದ ವರ್ಷಗಳು ಹಿಂದೆ ಸರಿದವು. ಎರಡನೆಯ ಮಹಾಯುದ್ಧವೂ ಮುಗಿಯಿತು. ಹತ್ತಿಯ ಧಾರಣೆ ಏರತೊಡಗಿದ್ದೇ ವಿಜಾಪುರದ ಪೇಟೆ ಮೈಕೊಡವಿ ಎದ್ದಿತು. ಸುಗ್ಗಿ ಬಂದರೆ ಅಥಣಿ ರಸ್ತೆಯ ತುಂಬ ಚಕ್ಕಡಿಗಳ ಸಾಲು; ಸಿದ್ಧೇಶ್ವರ ಗುಡಿಯ ಸುತ್ತ ಹೊಸ ಅಂಗಡಿ, ಹೊಸ ಚಹಾದ ಹೋಟೆಲು, ಹೊಸ ಕೋಟು ತೊಟ್ಟ ಹಳೆಯ ಮಂದಿ. ಗುರುಪಾದಯ್ಯನೂ ಹೆಂಡತಿಯನ್ನು ಕರೆದುಕೊಂಡು ವಿಜಾಪುರಕ್ಕೆ ಬಂದು ಒಂದು ಹತ್ತಿ ಗಿರಣಿಯಲ್ಲಿ ಕೆಲಸ ಹಿಡಿದ. ಬಿಗಿದು ಕಟ್ಟಿದ ಹತ್ತಿಯ ಅಂಡಿಗೆಗಳ ಮೇಲೆ ಆಯಾ ಸಾವಕಾರರ ಮಾರ್ಕನ್ನು ಕರಿಬಣ್ಣದಲ್ಲಿ ಬರೆಯುವ ಕೆಲಸ ಅದು. ಅಮರಪ್ಪ ಸಾವಕಾರರದು ಸೂರ್ಯ, ಬಸಗೊಂಡಪ್ಪ ಸಾವಕಾರರದು ಮೀನು. ಬರೀ ಗುಂಡನೆಯ ಸೂರ್ಯನನ್ನು ಬರೆದು ಬರೆದು ಬೇಸತ್ತು ಗುರುಪಾದಯ್ಯ ಅವನಿಗೆ ಕಣ್ಣು, ಮೂಗು, ತುಸು ನಗು ಕೂಡಿಸಿದ. ಮುಂಬಯಿಯ ದಲಾಲರು "ಆ ನಗೋ ಸೂರ್ಯನ ಮಾಲು ಕಳಸ್ರಿ" ಎಂದು ಕೇಳತೊಡಗಿದಾಗಲೇ ಅಮರಪ್ಪನವರಿಗೆ ತಮ್ಮ ಸೂರ್ಯ ನಗುತ್ತಿರುವ ವಿಷಯ ತಿಳಿದದ್ದು. ಅವರು ಗುರುಪಾದಯ್ಯನನ್ನು ಕರೆಸಿ, ಜಂಗಮನಾದ್ದರಿಂದ ಮೊದಲು ಕಾಲಿಗೆ ಬಿದ್ದು, ಎದ್ದ ಮೇಲೆ ಬೈದರು. ಬೈದು ಮುಗಿಸಿ, "ಹಂಗ ಇರ್ಲಿ, ಅಳಸಬ್ಯಾಡ್ರಿ," ಎಂದರು.

ಕೈತುಂಬ ವ್ಯಾಪಾರವಾಗತೊಡಗಿದ ಮೇಲೆ ಸಾವಕಾರರಿಗೆ ಹೊಸದೊಂದು ಬೇನೆ ಅಂಟಿಕೊಂಡಿತ್ತು. ಅದು ಕಲೆಯ ಬೇನೆ. ಅಮರಪ್ಪನವರು ಮಿರಜಿನಿಂದ ಒಂದು ಹಾರ್ಮೋನಿಯಂ ತರಿಸಿ ಅಂಗಡಿಯ ಗಾದಿಯ ಮೇಲೆ ಇರಿಸಿದ್ದರು. ನುಡಿಸಲು ಮನೆಯಲ್ಲಿ ಯಾರಿಗೂ ಬರುತ್ತಿರಲಿಲ್ಲ. ಆದರೂ ಅದಕ್ಕೆ ದಿನಾಲು ಊದಿನಕಡ್ಡಿ ಬೆಳಗುತ್ತಿತ್ತು. ಇದನ್ನು ಕಂಡ ಬಸಗೊಂಡಪ್ಪನವರಿಗೆ ಅನ್ನ ಸೇರದಾಯಿತು. ಅವರ ದೊಡ್ಡ ಗೋದಾಮು ಸ್ಟೇಶನ್ನಿನ ಕಡೆಗಿತ್ತು. ಮಳೆಗಾಲದಲ್ಲಿ ಹತ್ತಿಯೆಲ್ಲ ಹೋಗಿ ಅದು ಖಾಲಿ ಬೀಳುತ್ತಿತ್ತು. ಆ ಮಳೆಗಾಲ ಅವರು ಒಂದು ನಾಟಕ ಕಂಪನಿಯನ್ನು ಕರೆಸಿ ಗೋದಾಮನ್ನು ಬಿಟ್ಟುಕೊಟ್ಟರು. "ಅವ್ರ ಪೆಟಗಿ ಹಾಡಂಗಿಲ್ಲ. ನಮ್ಮ ಗೋದಾಮು ಹಾಡತೈತಿ," ಎಂದು ಪೇಟೆಯ ತುಂಬ ಹೇಳಿಕೊಂಡು ಬಂದರು.

ಕಂಪನಿಯ ಮಾಲೀಕರು ಪ್ರಲ್ಹಾದರಾಯರು. ಸಾಲಿ ಮಾಸ್ತರಿಕೆ ಬಿಟ್ಟು ನಾಟಕಕ್ಕೆ ಬಿದ್ದವರು. ಇನ್ನೂ ನಟರಿಗೆ ಪಾಠ ಒಪ್ಪಿಸುವಾಗ ಕೈಯಲ್ಲಿ ಬೆತ್ತ ಹಿಡಿದೇ ಕೂಡುತ್ತಿದ್ದರು. ಅವರ ಹಳೆಯ ದರ್ಬಾರು ಪರದೆಯನ್ನು ಇಲಿ ತಿಂದು, ರಾಜನ ಸಿಂಹಾಸನ ಇದ್ದಲ್ಲಿ ಬೆಳಕಿಂಡಿ ಆಗಿತ್ತು. ಹೊಸದು ಬರೆಸೋಣವೆಂದರೆ ಆಗ ಅರಿವೆಯ ಮೇಲೆ ಸರಕಾರದ ಕಂಟ್ರೋಲು. ಲಗ್ನಕ್ಕೇ ಅರಿವೆ ಸಿಕ್ಕದ ಕಾಲದಲ್ಲಿ ಗೋಡೆಯಷ್ಟು ದೊಡ್ಡ ಪರದೆಗೆ ಎಲ್ಲಿಂದ ತರುವುದು? ರಾಯರು ಪೇಟೆಯಲ್ಲಿ ತಿರುಗಿ, ಒಬ್ಬ ಸಾವಕಾರನ ಮುಂದೆ ಇನ್ನೊಬ್ಬನ ಔದಾರ್ಯ ಹೊಗಳಿ, ಮೂಲೆಮೂಲೆಯಲ್ಲಿದ್ದ ಮಾಂಜರಪಾಟ ಬಟ್ಟೆಯನ್ನು ಹೊರಗೆ ಎಳೆದರು. ಗಿರಣಿಯಲ್ಲಿ ಗೋಣಿ ಹೊಲಿಯುತ್ತಿದ್ದ ಲಾಡಲೇಸಾಬ ಆ ತುಂಡುಗಳನ್ನು ಜೋಡಿಸಿ ಹೊಲಿದ. ಬರೆಯುವುದಕ್ಕೆ ಗುರುಪಾದಯ್ಯನನ್ನು ಬಿಟ್ಟರೆ ಊರಿನಲ್ಲಿ ಇನ್ನಾರಿದ್ದರು?

ಗುರುಪಾದಯ್ಯ ಜೀವಮಾನದಲ್ಲಿ ಅಷ್ಟು ದೊಡ್ಡ ಬಿಳುಪನ್ನು ಕಂಡಿರಲಿಲ್ಲ. ಗೋದಾಮಿನ ನೆಲದ ಮೇಲೆ ಹಾಸಿದ ಪರದೆಯ ಸುತ್ತ ಅವನು ಬರಿಗಾಲಲ್ಲಿ ಒಂದು ಸುತ್ತು ಹಾಕಿ ಬಂದ. ಆಸೆಯಾಯಿತು, ಅಂಜಿಕೆಯೂ ಆಯಿತು. ಅಂಟಿನ ಸರೇಸು ಕಾಯಿಸಿ ಬಣ್ಣ ಕಲಸುವಷ್ಟರಲ್ಲಿ ಅಮರಪ್ಪನವರು ಬಂದು ಕಾಲಿಗೆ ಬಿದ್ದರು.

"ಶರಣ್ರಿ ಅಯ್ಯನೋರ. ಆ ಅರಿವ್ಯಾಗ ನಂದೂ ಐತಿ. ದರ್ಬಾರದಾಗ ಮಂತ್ರಿ ಮಾನ್ಯರು ಕುಂತಿರತಾರಲ್ಲ, ಅವರಾಗ ಒಂದು ಮಾರಿ ನನ್ನಂಗ ಬಂದ್ರ ಹೆಂಗ?"

ಹೇಗೆ ಬೇಡವೆನ್ನುವುದು? ಮಧ್ಯಾಹ್ನ ಬಸಗೊಂಡಪ್ಪನವರು ಬಂದು ಕಾಲಿಗೆ ಬಿದ್ದರು. ಸಂಜೆಯೊಳಗೆ ಅರಿವೆ ಕೊಟ್ಟವರೆಲ್ಲ ಬಿದ್ದು ಎದ್ದು ಹೋಗಿದ್ದರು. ಅಷ್ಟಕ್ಕೇ ಮುಗಿಯಲಿಲ್ಲ. ಅರಿವೆ ನನ್ನದು, ಆದ್ದರಿಂದ ನನ್ನ ಮಾರಿ ನನ್ನ ಅರಿವೆಯ ಮೇಲೆಯೇ ಬರಬೇಕು ಎಂದು ಪ್ರತಿಯೊಬ್ಬರೂ ಹಟ ಹಿಡಿದರು. ಅಮರಪ್ಪನವರ ತುಂಡು ಪರದೆಯ ಎಡ ತುದಿಗೆ ಬಂದಿತ್ತು. ಅಲ್ಲಿ ಬಾಗಿಲು ಕಾಯುವವನು ನಿಲ್ಲಬೇಕಾದ ಜಾಗ.

"ನಾ ಏನ ಜವಾನೇನ್ರಿ?" ಎಂದು ಅವರು ಕೂಗಾಡಿದರು. "ಬಿಚ್ಚಿಸ್ರಿ ಹೊಲಗಿ!"

ಲಾಡಲೇಸಾಬ ಹೊಲಿಗೆ ಬಿಚ್ಚಿ ಮತ್ತೆ ಹೊಲಿದ. ಬಸಗೊಂಡಪ್ಪನವರು ಬಂದು ನೋಡಿ ಮತ್ತೆ ಬಿಚ್ಚಿಸಿದರು. ಕೊನೆಗೆ ಸಿಂಹಾಸನದ ಬಲಕ್ಕೊಬ್ಬರು, ಎಡಕ್ಕೊಬ್ಬರು ಎಂದು ರಾಜಿಯಾಯಿತು. ಆಮೇಲೆ ಮೀಸೆಯ ಜಗಳ ಶುರುವಾಯಿತು. ಇವರು ಬಂದಾಗ ಅವರ ಮೀಸೆ ದೊಡ್ಡದಾಗಿ ಕಂಡಿತು, ಅವರು ಬಂದಾಗ ಇವರದು. ಗುರುಪಾದಯ್ಯ ಎರಡೂ ಕಡೆ ತುಸುತುಸುವೇ ಬೆಳೆಸುತ್ತ ಹೋದ. ಪರದೆ ಮುಗಿಯುವ ಹೊತ್ತಿಗೆ ಇಬ್ಬರ ಮೀಸೆಗಳೂ ಕಿವಿ ದಾಟಿದ್ದವು.

ಮೊದಮೊದಲು ಅವನಿಗೆ ಇದೆಲ್ಲ ರೇಜಿಗೆ ಎನಿಸಿತ್ತು. ಬರೆಯುತ್ತ ಬರೆಯುತ್ತ ಹಾಗನಿಸಲಿಲ್ಲ. ಬಸಗೊಂಡಪ್ಪನವರ ಇಮ್ಮಡಿ ಗಲ್ಲ, ಅಮರಪ್ಪನವರ ಹಣೆಯ ಗಂಟು, ಇವುಗಳ ಜೊತೆಯಲ್ಲೇ ದಿನ ಕಳೆದು ಆ ಮುಖಗಳ ಮೇಲೆ ಒಂದು ನಮೂನೆಯ ಮಮತೆ ಹುಟ್ಟಿತು. ಅಂಗಡಿಯಲ್ಲಿ ಗದರುವ ಮನುಷ್ಯರು ಪರದೆಯ ಮೇಲೆ ಎಷ್ಟು ಸಾಧುವಾಗಿ ಕುಳಿತಿದ್ದಾರೆ ಎಂದುಕೊಂಡ. ಕಣ್ಣುಗಳು ಎಂದಿನಂತೆಯೇ ಬಂದಿದ್ದವು.

ಪ್ರಲ್ಹಾದರಾಯರು ಬಂದು ಬಹಳ ಹೊತ್ತು ನೋಡಿದರು.

"ಅಯ್ಯನವರ, ಕೂತವರೆಲ್ಲಾ ಭಾಳ ಸಾಧು ಕಾಣ್ಲಿಕ್ಕೆ ಹತ್ಯಾರಲ್ರೀ."

"ಒಳ್ಳೇದ ಆತಲ್ರಿ."

"ಒಳ್ಳೇದೇನ್ ಬಂತು? ನಮ್ಮ ನಾಟಕದೊಳಗ ಈ ಮಂತ್ರಿಗಳು ರಾಜನ ಉಗ್ರಾಣ ಲೂಟಿ ಮಾಡವರು."

ಗುರುಪಾದಯ್ಯನ ಕೈಯಲ್ಲಿದ್ದ ಕುಂಚ ನಿಂತುಬಿಟ್ಟಿತು. ನಾಟಕದ ಕತೆ ಏನು ಎಂದು ಅವನು ಕೇಳಿಯೇ ಇರಲಿಲ್ಲ. "ಸಾವಕಾರ್ರಿಗೆ ಹೇಳೀರೇನ್ರಿ ಇದನ್ನ?"

"ಹೇಳಿದ್ರ ಅರಿವಿ ಕೊಡತಿದ್ರೇನು?" ಎಂದು ರಾಯರು ಶಾಂತವಾಗಿ ನಶ್ಯ ಏರಿಸಿದರು.

ಮೊದಲ ಆಟ ಒಂದು ರವಿವಾರ ಸಂಜೆ. ಹೊರಗೆ ಜಿಟಿಜಿಟಿ ಮಳೆ, ಒಳಗೆ ಕಾಲಿಡಲು ಜಾಗವಿಲ್ಲ. ಮುಂದಿನ ಕುರ್ಚಿಗಳಲ್ಲಿ ಸಾವಕಾರರೆಲ್ಲ ಜರಿಯ ರುಮಾಲು ಸುತ್ತಿ ಅತ್ತರು ಪೂಸಿಕೊಂಡು ಕುಳಿತಿದ್ದರು. ಹೆಂಗಸರ ಕಡೆಗೆ ಬಸಗೊಂಡಪ್ಪನವರ ಹೆಂಡತಿ ಗೌರಾಬಾಯಿ, ಅವರ ಹಿಂದೆ ಮುರಿಗೆವ್ವ. ಗುರುಪಾದಯ್ಯ ಮಾತ್ರ ಪಕ್ಕದ ಪರದೆಯ ಮರೆಯಲ್ಲಿ, ಓಡಿಹೋಗಲು ಅನುಕೂಲವಾಗುವ ಹಾಗೆ ಬಾಗಿಲ ಹತ್ತಿರವೇ ನಿಂತಿದ್ದ.

ದರ್ಬಾರು ಪರದೆ ಸುರುಳಿ ಬಿಚ್ಚಿಕೊಂಡು ಕೆಳಗಿಳಿಯಿತು. ಒಂದು ಗಳಿಗೆ ಎಲ್ಲರೂ ಬಾಯಿಬಿಟ್ಟು ನೋಡಿದರು. ಮರುಗಳಿಗೆಗೆ ಹಿಂದಿನ ಚಾಪೆಯಿಂದ ಯಾರೋ ಕೂಗಿದರು: "ಅಗೋ ನಮ್ಮ ಅಮರಪ್ಪ ಸಾವಕಾರ್ರು! ಲೇ, ಈ ಕಡೆ ಬಸಗೊಂಡಪ್ಪನವರ ಅದಾರ ನೋಡೋ!" ಸಿಳ್ಳು, ಚಪ್ಪಾಳೆಗಳಿಗೆ ಗೋದಾಮಿನ ತಗಡು ನಡುಗಿತು. ಮುಂದಿನ ಸಾಲಿನಲ್ಲಿ ಎಲ್ಲ ಮೀಸೆಗಳ ಮೇಲೂ ಒಮ್ಮೆಲೇ ಕೈ ಆಡಿದವು. ಸಾವಕಾರರು ಅಷ್ಟು ಸುಖದಲ್ಲಿ ಕುಳಿತದ್ದನ್ನು ಅವರ ಮನೆಯವರೂ ಕಂಡಿರಲಿಲ್ಲ.

ಆಮೇಲೆ ರಾಜ ಬಂದು ಗುಡುಗಿದ: "ನಮ್ಮ ಉಗ್ರಾಣವನ್ನು ಬರಿದು ಮಾಡಿದವರು ಯಾರು?"

ಹಾಸ್ಯದ ಪಾತ್ರ ಮೌಲಾಸಾಬನದು. ಅವನು ಒಪ್ಪಿಸಬೇಕಾಗಿದ್ದ ಮಾತು ಬೇರೆ. ಆದರೆ ಅಷ್ಟು ಚಂದದ ಮೀಸೆಗಳು ಬೆನ್ನ ಹಿಂದೆ ಇರುವಾಗ ಯಾವ ನಟನ ನಾಲಿಗೆ ಸುಮ್ಮನಿದ್ದೀತು? ಅವನು ಒಂದು ಕಂದೀಲು ಹಿಡಿದುಕೊಂಡು ಪರದೆಯ ಹತ್ತಿರ ಹೋದ. ಒಂದೊಂದೇ ಮುಖವನ್ನು ಬಗ್ಗಿ ನೋಡಿದ. ಬಸಗೊಂಡಪ್ಪನವರ ಗಲ್ಲದ ಹತ್ತಿರ ಕಂದೀಲು ಎತ್ತಿ ಹಿಡಿದು ತಲೆಯಾಡಿಸಿದ. ಆಮೇಲೆ ತಿರುಗಿ ಕೈಮುಗಿದ.

"ಪ್ರಭೂ, ಎಲ್ಲಾರೂ ಭಾಳ ಸಾಧು ಕಾಣತಾರ. ಆದ್ರ ನಿಮ್ಮ ಉಗ್ರಾಣ ಇಳದಂಗೆಲ್ಲಾ ಇವರ ಮೀಸಿ ಬೆಳ್ಯಾಕತ್ತಾವ!"

ಜನ ನಕ್ಕ ಸದ್ದಿಗೆ ರಾಜನಿಗೂ ಮುಂದಿನ ಮಾತು ಮರೆತುಹೋಯಿತು. ಬೆತ್ತ ಹಿಡಿದು ಕುಳಿತ ಪ್ರಲ್ಹಾದರಾಯರೇ ಹೊಟ್ಟೆ ಹಿಡಿದುಕೊಂಡರು. ಮುಂದಿನ ಸಾಲಿನಲ್ಲಿ ಎರಡು ಕುರ್ಚಿಗಳು ದಡಕ್ಕನೆ ಹಿಂದೆ ಸರಿದವು. ಅಮರಪ್ಪನವರೂ ಬಸಗೊಂಡಪ್ಪನವರೂ ಜೀವಮಾನದಲ್ಲಿ ಮೊದಲ ಬಾರಿಗೆ ಜೊತೆಯಾಗಿ ಹೊರಗೆ ನಡೆದರು. ಗುರುಪಾದಯ್ಯ ಅವರಿಗಿಂತ ಮೊದಲೇ ಹೊರಗಿದ್ದ.

ಮರುದಿನ ಮುಂಜಾನೆ ಇಬ್ಬರೂ ಕೂಡಿ ಅವನನ್ನು ಅಮರಪ್ಪನವರ ಅಂಗಡಿಗೆ ಕರೆಸಿದರು. ಇಬ್ಬರೂ ಕಾಲಿಗೆ ಬಿದ್ದರು. ಎದ್ದು, "ಇವತ್ತ ಸಂಜಿ ಒಳಗ ನಮ್ಮ ಮಾರಿ ಆ ಪರದೆ ಮ್ಯಾಲ ಇರಬಾರದು," ಎಂದರು.

ಅವನು ಬಿಳಿಬಣ್ಣದ ಗಡಿಗೆ ಹಿಡಿದು ಗೋದಾಮಿಗೆ ಹೋಗಿ ನಿಚ್ಚಣಿಕೆ ಏರಿದ. ಕುಂಚ ಅದ್ದಿದ. ಯಾರಿಂದ ಮೊದಲು ಮಾಡುವುದು? ಅಮರಪ್ಪನವರ ಹಣೆಯ ಗಂಟನ್ನು ನೋಡಿದ, ಅದು ಕೂಡಿಬರಲು ಎಷ್ಟು ಒದ್ದಾಡಿದ್ದ. ಬಸಗೊಂಡಪ್ಪನವರ ಗಲ್ಲವನ್ನು ನೋಡಿದ. ಕಣ್ಣು ತುಂಬಿ ಬಂತು. ಕುಂಚದ ಬಣ್ಣ ತೊಟ್ಟಿಕ್ಕಿ ತೊಟ್ಟಿಕ್ಕಿ ಅವನ ಧೋತರವೇ ಬೆಳ್ಳಗಾಯಿತು.

ಆಗ ಬಾಗಿಲಲ್ಲಿ ಎಣ್ಣೆ ಗಿರಣಿಯ ಸಂಗಮೇಶ ಸಾವಕಾರ ಕಾಣಿಸಿಕೊಂಡ. ಅರಿವೆ ಕೇಳಿದಾಗ ಇಲ್ಲವೆಂದವನು ಅವನು.

"ಶರಣ್ರಿ ಅಯ್ಯನೋರ. ಸಿಂಹಾಸನದ ಬಾಜೂಕ ಎರಡು ಜಾಗಾ ಖಾಲಿ ಆಗಾಕತ್ತಾವಂತ? ಒಂದು ನನಗ ಹಿಡೀರಿ."

"ಸಾವಕಾರ್ರ, ಅಲ್ಲಿ ಕುಂತ್ರ ಮೌಲಾಸಾಬ ನಗಸ್ಯಾಡತಾನ್ರಿ."

"ನಗಸ್ಯಾಡಲಿ ಬಿಡ್ರಿ! ಮುಂಜಾನಿಂದ ಪ್ಯಾಟ್ಯಾಗ ಎಲ್ಲಿ ಹೋದ್ರೂ ಅವರಿಬ್ಬರದ ಮಾತು. ಅರಕೇರಿಯಿಂದ ಚಕ್ಕಡಿ ಕಟಗೊಂಡು ಈ ಪರದೆ ನೋಡಾಕ ಬರಾಕತ್ತಾರ. ನನ್ನ ಹೆಸರು ಹಿಡದು ಒಬ್ರರ ಮಾತಾಡ್ಯಾರೇನು?"

ಈ ಸುದ್ದಿ ಅಮರಪ್ಪನವರ ಅಂಗಡಿಗೆ ಹೇಗೆ ಮುಟ್ಟಿತೋ, ಅವರು ಒಂದೇ ಕಾಲಲ್ಲಿ ಚಪ್ಪಲಿ ಹಾಕಿಕೊಂಡು ಓಡಿಬಂದರು. ಹಿಂದಿನಿಂದ ಏದುಸಿರು ಬಿಡುತ್ತ ಬಸಗೊಂಡಪ್ಪನವರೂ ಬಂದರು. "ಕೈ ತಗೀರಿ ಅಯ್ಯನೋರ, ಕೈ ತಗೀರಿ!" ಅಯ್ಯನವರ ಕಾಲು ನಿಚ್ಚಣಿಕೆಯ ಮೇಲೆ ಎತ್ತರದಲ್ಲಿದ್ದವು. ಆದ್ದರಿಂದ ಇಬ್ಬರೂ ನಿಚ್ಚಣಿಕೆಯ ಕಾಲಿಗೇ ನಮಸ್ಕಾರ ಮಾಡಿದರು.

ಅಂದಿನಿಂದ ಕಲೆಯ ಬೇನೆ ಊರೆಲ್ಲ ಹರಡಿತು. ದರ್ಬಾರಿನಲ್ಲಿ ಜಾಗ ಸಿಕ್ಕದ ಸಂಗಮೇಶ ಸಿಟ್ಟಿನಿಂದ ತಗಡಿನ ಥೇಟರೊಂದನ್ನೇ ಕಟ್ಟಿಸಿ, ಬೇರೊಂದು ಕಂಪನಿಯನ್ನು ಕರೆಸಿದ. ಅದನ್ನು ಮೀರಿಸಬೇಕೆಂದು ಬಸಗೊಂಡಪ್ಪನವರು ಹಾಡುವ ನಟಿಯರನ್ನು ತರಿಸಿದರು. ಅಮರಪ್ಪನವರು ಹಾರ್ಮೋನಿಯಂ ಕಲಿಸುವ ಮಾಸ್ತರರನ್ನು ಗೊತ್ತುಮಾಡಿ, ತಾವೇ ಕಲಿಯಲು ಕುಳಿತರು. ಬಾಜೂಕಿನ ಅಂಗಡಿಯವರು ಮಾಲು ತೂಗುವುದನ್ನು ಬಿಟ್ಟು ಕಿವಿ ಮುಚ್ಚಿಕೊಳ್ಳುವಂತಾಯಿತು. ಕೊನೆಗೆ ಮಾಸ್ತರರು ಅಮರಪ್ಪನವರ ಮಗಳು ಕಾಶಿಬಾಯಿಗೆ ಪಾಠ ಹೇಳಿದರು. ಅವಳಿಗೆ ವಿದ್ಯೆ ಹತ್ತಿತು. ಗೋಣಿ ಹೊಲಿಯುತ್ತಿದ್ದ ಲಾಡಲೇಸಾಬ ರಾಜರಿಗೆ ಮಖಮಲ್ಲಿನ ಅಂಗಿ ಹೊಲಿಯತೊಡಗಿದ. ಗುರುಪಾದಯ್ಯ ಗಿರಣಿಯ ಕೆಲಸ ಬಿಟ್ಟ. ಉದ್ಯಾನದ ಪರದೆಗೆ ಅರಿವೆ ಕೊಟ್ಟವರು ಮಾಲಿಗಳಾದರೂ ಸರಿ ಎಂದು ಅದರಲ್ಲಿ ನಿಂತರು. ಕಾಡಿನ ಪರದೆಯಲ್ಲಿ ಜಾಗ ಕೇಳಿದ ಒಬ್ಬ ಬೆಲ್ಲದ ವ್ಯಾಪಾರಿಗೆ ಋಷಿಯ ಗಡ್ಡ ಹಚ್ಚಿ ಒಪ್ಪಿಸಬೇಕಾಯಿತು.

ಊರಲ್ಲಿ ಈಗ ಅವನಿಗೆ ಹೆಸರಿತ್ತು. ಆದರೂ ಒಂದೊಂದು ಮಧ್ಯಾಹ್ನ ಅವನು ಕುಂಚ ಕೆಳಗಿಟ್ಟು ಸುಮ್ಮನೆ ಕೂಡುತ್ತಿದ್ದ. "ಏನಾತ್ರಿ?" ಎಂದು ಮುರಿಗೆವ್ವ ಕೇಳಿದರೆ, "ಮೀಸಿ ಬರದು ಬರದು ಸಾಕಾತು ನೋಡು," ಎನ್ನುತ್ತಿದ್ದ.

ದೀಪಾವಳಿ ಕಳೆದ ಮೇಲೆ ಒಂದು ದಿನ ಬಸಗೊಂಡಪ್ಪನವರ ಹೆಂಡತಿ ಗೌರಾಬಾಯಿ ಗುರುಪಾದಯ್ಯನ ಮನೆಗೆ ಬಂದಳು. ಕೈಯಲ್ಲಿ ಮಡಿಚಿಟ್ಟ ಬಿಳಿ ಅರಿವೆಯ ದೊಡ್ಡ ಗಂಟಿತ್ತು. ಕಾಲಿಗೆ ಬಿದ್ದು ಮುರಿಗೆವ್ವನ ಹತ್ತಿರ ಕುಳಿತಳು. ಗುರುಪಾದಯ್ಯ ಮನಸ್ಸಿನಲ್ಲೇ ನಿಟ್ಟುಸಿರಿಟ್ಟ. ಇವಳನ್ನು ಪಟ್ಟದ ರಾಣಿ ಮಾಡಬೇಕು, ಅದಕ್ಕೆ ಅಮರಪ್ಪನವರ ಮನೆಯವರು ಎಷ್ಟು ಸಿಟ್ಟಾಗುವರೋ ಎಂದು ಲೆಕ್ಕ ಹಾಕತೊಡಗಿದ.

"ಯಾವ ರಾಣಿ ಮಾಡೂಣ್ರಿ ಅವ್ವಾರ?"

"ಅಯ್ಯ, ನನ್ನ ಮಾರಿ ಬ್ಯಾಡ್ರಿ ಯಪ್ಪಾ," ಎಂದು ಅವಳು ನಕ್ಕಳು. "ದಿನಾ ಕನ್ನಡ್ಯಾಗ ನೋಡಿ ಸಾಕಾಗೈತಿ. ಬಬಲೇಶ್ವರ ನನ್ನ ತವರು. ಅಲ್ಲಿ ನಮ್ಮಪ್ಪನ ಹೊಲಾ ಐತಿ. ಜ್ವಾಳ ತೆನಿ ಹಿರದಾಗ ಅದನ್ನ ನೋಡಿದ್ದು ಲಗ್ನದ ಹಿಂದಿನ ವರ್ಷ. ಆಮ್ಯಾಲ ಹೋದಾಗೆಲ್ಲಾ ಬರೇ ಮದವಿ ಇಲ್ಲಾ ಯಾರದರ ಮಣ್ಣು. ಅದನ್ನೊಂದು ನಾಟಕದ ಪರದೆ ಮಾಡಿ ಬರದು ಕೊಡ್ರಿ."

"ಅದರಾಗ ಯಾರ್ನ ಕುಂದರಸೂಣ್ರಿ?"

"ಯಾರೂ ಬ್ಯಾಡ್ರಿ. ಹೊಲ ಅಷ್ಟ."

ಗುರುಪಾದಯ್ಯ ಆ ಗಂಟನ್ನು ಬಿಚ್ಚಿ ಅರಿವೆಯ ಮೇಲೆ ಕೈಯಾಡಿಸಿದ. ಯಾರದೂ ಮೀಸೆ ಇಲ್ಲದ ಅಷ್ಟು ಅರಿವೆ ಅವನ ಪಾಲಿಗೆ ಅದೇ ಮೊದಲು. ಏನು ಹೇಳಬೇಕೋ ತೋಚದೆ, "ಹೋಳಗಿ ಮಾಡ," ಎಂದು ಹೆಂಡತಿಗೆ ಹೇಳಿದ.

ಸಂಕ್ರಾಂತಿಯ ಮುಂದೆ ಅವನು ಮುರಿಗೆವ್ವನನ್ನು ಚಕ್ಕಡಿಯಲ್ಲಿ ಕೂಡಿಸಿಕೊಂಡು ಬಬಲೇಶ್ವರಕ್ಕೆ ಹೋದ. ಎರೆ ಹೊಲದ ತುಂಬ ಬಿಳಿಜೋಳ ಆಳುದ್ದ ನಿಂತಿತ್ತು. ಅಂಚಿಗೆ ಕುಸುಬಿಯ ಹಳದಿ ಹೂವು. ಗಾಳಿ ಬಂದರೆ ಇಡೀ ಹೊಲ ಒಮ್ಮೆ ಬಾಗಿ ಒಮ್ಮೆ ಏಳುತ್ತಿತ್ತು. ಅವನು ಸಂಜೆಯ ತನಕ ಬದುವಿನ ಮೇಲೆ ಕುಳಿತ. ಮುರಿಗೆವ್ವ ಎಳೆ ಜೋಳದ ಸೀತನಿ ಸುಟ್ಟು ತಿಂದು, ನಿದ್ದೆ ಮಾಡಿ, ಎದ್ದು ನೋಡಿದರೂ ಅವನು ಅಲ್ಲೇ ಇದ್ದ.

ಮಳೆಗಾಲಕ್ಕೆ ಕಂಪನಿ ಮತ್ತೆ ಬಂದಾಗ ಪರದೆ ಸಿದ್ಧವಾಗಿತ್ತು. ಪ್ರಲ್ಹಾದರಾಯರು ತಲೆ ಕೆರೆದುಕೊಂಡರು.

"ಚಂದ ಅದ, ಭಾಳ ಚಂದ ಅದ. ಆದ್ರ ನಮ್ಮ ಯಾವ ನಾಟಕದಾಗೂ ಹೊಲಾನ ಇಲ್ಲಲ್ರೀ! ರಾಜ ಕುಸುಬಿ ಬಿಡಸ್ಲಿಕ್ಕೆ ಬರ್ತಾನೇನು?"

ಆದರೂ ಅವರಿಗೆ ಅದನ್ನು ಸುತ್ತಿಡಲು ಮನಸ್ಸು ಬರಲಿಲ್ಲ. ಕಾಡಿಗೆ ಹೋಗಬೇಕಾಗಿದ್ದ ರಾಣಿಯ ದಾರಿಯನ್ನೇ ತಪ್ಪಿಸಿ, ಹೊಲದಲ್ಲಿ ನಿಂತು ಹಾಡುವ ಹೊಸ ಪ್ರವೇಶ ಬರೆದರು. ಪರದೆ ಇಳಿದ ದಿನ ಯಾರೂ ಸಿಳ್ಳು ಹಾಕಲಿಲ್ಲ. ನಟಿ ಹಾಡು ಎತ್ತಿದ ಮೇಲೂ ಬಹಳ ಹೊತ್ತು ಯಾರೂ ಕೆಮ್ಮಲಿಲ್ಲ. ಗುರುಪಾದಯ್ಯ ಈ ಸಲ ಬಾಗಿಲ ಹತ್ತಿರ ನಿಂತಿರಲಿಲ್ಲ. ಆದರೂ ಸದ್ದೇ ಇಲ್ಲದ್ದನ್ನು ಕಂಡು ಬಾಗಿಲ ಕಡೆಗೆ ಎರಡು ಹೆಜ್ಜೆ ಸರಿದ. ಹಾಡು ಮುಗಿದದ್ದೇ ಹಿಂದಿನ ಚಾಪೆಯಲ್ಲಿ ಜಗಳ ಹತ್ತಿತು. ಅದು ನಮ್ಮ ಹೊಲ ಎಂದು ಬಬಲೇಶ್ವರದವರು, ಅಲ್ಲ ನಮ್ಮದು ಎಂದು ತಿಕೋಟದವರು. ಒಬ್ಬ ಮುದುಕ ಎದ್ದು ನಿಂತು, ಬಿತ್ತಿದ ಸಾಲು ಅಗಲವಾಗಿದೆ, ಯಾರು ಕೂರಿಗೆ ಹಿಡಿದವರು ಎಂದು ಜಬರಿಸಿದ.

ಎರಡು ದಿನ ಬಿಟ್ಟು ಮುಂಜಾನೆ ಗೌರಾಬಾಯಿ ಗೋದಾಮಿಗೆ ಬಂದಳು. ಪರದೆ ಇಳಿಸಿ ತೋರಿಸಿದರು. ಅವಳು ಕುರ್ಚಿಯಲ್ಲಿ ಕುಳಿತು ನೋಡಿದಳು, ಸೆರಗಿನಿಂದ ಕಣ್ಣು ಒರೆಸಿಕೊಂಡಳು, ಮತ್ತೆ ನೋಡಿದಳು.

"ಎಲ್ಲಾ ಬರೋಬರಿ ಐತ್ರಿ ಅಯ್ಯನೋರ. ಆದ್ರ ಬದುವಿನ ಮ್ಯಾಲಿನ ಬಾರಿ ಗಿಡ ಎಲ್ಲಿ?"

"ಬಾರಿ ಗಿಡ ಇರಲಿಲ್ರಿ ಅವ್ವಾರ."

"ನಾ ಸಣ್ಣಾಕಿದ್ದಾಗ ಇತ್ತು. ಬಾರಿಹಣ್ಣ ಆರಿಸಿ ಉಡ್ಯಾಗ ತುಂಬಕೊಂಡು ಬರತಿದ್ದೆ."

ಅವನು ನಿಚ್ಚಣಿಕೆ ಏರಿ ಆ ಬೋರೆಯ ಗಿಡ ಬರೆಯತೊಡಗಿದ. ಅಷ್ಟರಲ್ಲಿ ಅಮರಪ್ಪನವರು ಒಳಗೆ ಬಂದರು. ಸ್ವಾತಂತ್ರ್ಯ ಬಂದು ಇನ್ನೂ ವಾರವಾಗಿತ್ತಷ್ಟೇ. ಅವರ ತಲೆಯ ಮೇಲೆ ಜರಿಯ ರುಮಾಲಿನ ಬದಲು ಹೊಚ್ಚ ಹೊಸ ಗಾಂಧಿ ಟೋಪಿ ಇತ್ತು.

"ಶರಣ್ರಿ ಅಯ್ಯನೋರ. ಆ ದರ್ಬಾರದಾಗ ನನ್ನ ರುಮಾಲ ತಗದು ಈ ಟೋಪಿ ಹಾಕ್ರಲಾ. ಕಾಲ ಬದಲಾಗೈತಿ ನೋಡ್ರಿ."

"ಸಾವಕಾರ್ರ, ಅದು ರಾಜನ ದರ್ಬಾರ್ರಿ…"

"ರಾಜಾನೂ ಬದಲಾಗಲಿ!"

"ಸ್ವಲ್ಪ ತಡೀರಿ ಅಮರಪ್ಪಣ್ಣಾರ, ನಮ್ಮ ಗಿಡ ಮುಗೀಲಿ," ಎಂದಳು ಗೌರಾಬಾಯಿ, ಪರದೆಯಿಂದ ಕಣ್ಣು ತೆಗೆಯದೆ. ಅಮರಪ್ಪನವರು ಟೋಪಿ ಸರಿಪಡಿಸಿಕೊಂಡು ಬಾಜೂಕಿನ ಕುರ್ಚಿಯಲ್ಲಿ ಕುಳಿತರು. ಕುಳಿತವರು ನಿಧಾನವಾಗಿ ಅದೇ ಪರದೆಯನ್ನು ನೋಡತೊಡಗಿದರು.

"ಗಿಡ ಇನ್ನ ಒಂಚೂರು ಎಡಕ್ಕ ಬಗ್ಗಿತ್ರಿ ಅಯ್ಯನೋರ," ಎಂದಳು ಗೌರಾಬಾಯಿ. "ಹಾಂ, ಹಂಗ. ಇನ್ನ ಹಣ್ಣ ಹಾಕ್ರಿ."